ಪ್ಯಾರಾಮೆಡಿಕಲ್ ಓದು: ಹಾಕಿದ್ದೆಷ್ಟು, ಬಂದದ್ದೆಷ್ಟು?

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಓದಿದ್ದು ಎಸ್.ಎಸ್.ಎಲ್.ಸಿ. ಮಾತ್ರ. ವಿದ್ಯೆಯ ಬಗ್ಗೆ ಮಾತಾಡು ಅಂತ ಕಾರ್ಯದರ್ಶಿಗಳು ಹೇಳಿದಾಗ ನಗು ಬಂತು. ಆದರೆ ಸಾಲದ ಅರ್ಜಿ ಹಿಡ್ಕೊಂಡು ಬರೋ ಹತ್ತು ಜನರಲ್ಲಿ ಮೂರ್ನಾಲ್ಕು ಜನ ಬಾಯಲ್ಲಿ ಗೊಬ್ಬರ ಅಂತಾರೆ, ಮನಸ್ಸಲ್ಲಿ ಮಗಳ ಫೀಸು ಇರುತ್ತೆ. ನಾನೂ ಹಾಗೆ ಮಾಡಿದವನೇ. ಅದಕ್ಕೇ ನಮ್ಮ ಮನೆಯ ಲೆಕ್ಕವನ್ನೇ ನಿಮ್ಮ ಮುಂದೆ ಇಡ್ತೇನೆ.

ನನ್ನ ಮಗಳು ಪಿಯುಸಿ ಸೈನ್ಸ್ ಮುಗಿಸಿ ಎರಡು ವರ್ಷದ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮಾಡಿದಳು. ಫೀಸು ವರ್ಷಕ್ಕೆ 45,000, ಎರಡು ವರ್ಷಕ್ಕೆ 90,000. ಹಾಸ್ಟೆಲು, ಊಟ ತಿಂಗಳಿಗೆ 4,500ರಂತೆ ಇಪ್ಪತ್ತು ತಿಂಗಳಿಗೆ ಇನ್ನೊಂದು 90,000. ಪುಸ್ತಕ, ಬಿಳಿ ಕೋಟು, ಪರೀಕ್ಷೆ ಫೀಸು, ಬಸ್ ಚಾರ್ಜು ಅಂತ 28,000. ಒಟ್ಟು 2,08,000. ಕಾಲೇಜಿನವರು ಸೇರುವಾಗ ಹೇಳಿದ್ದು ಮೊದಲನೇ 90,000 ಮಾತ್ರ. ಉಳಿದದ್ದು ಆಮೇಲೆ ಒಂದೊಂದಾಗಿ ಬಂತು, ಮದುವೆ ಮನೆ ಖರ್ಚಿನ ಹಾಗೆ.

ಇಲ್ಲೊಂದು ಖರ್ಚು ಯಾರೂ ಬರೆಯೋದಿಲ್ಲ. ಅವಳ ಜೊತೆಯ ಹುಡುಗಿಯೊಬ್ಬಳು ಪಿಯುಸಿ ಆದಮೇಲೆ ಗಾರ್ಮೆಂಟ್ಸಿಗೆ ಹೋದಳು. ಆ ಎರಡು ವರ್ಷ ತಿಂಗಳಿಗೆ 10,000 ಮನೆಗೆ ತಂದಳು, ಅಂದರೆ 2,40,000. ನಮ್ಮ ಮನೆಗೆ ಅದು ಬರಲಿಲ್ಲ. ಕಡಸು ಗಬ್ಬ ಆಗಿ ಕರು ಹಾಕೋ ತನಕ ಮೇವು ಹಾಕ್ತೀವಲ್ಲ, ಆ ಲೆಕ್ಕ ಇದು. ಎರಡೂ ಸೇರಿಸಿದರೆ ಹಾಕಿದ್ದು 4,48,000.

ಬಂದದ್ದು? ಮೊದಲ ಕೆಲಸ ತಾಲೂಕಿನ ಒಂದು ಖಾಸಗಿ ಲ್ಯಾಬಲ್ಲಿ, ಸಂಬಳ 13,000. ಗಾರ್ಮೆಂಟ್ಸ್ ಹುಡುಗಿಗೆ ಅಷ್ಟು ಹೊತ್ತಿಗೆ 12,000. ನನ್ನ ಹೆಂಡತಿ ಕೇಳಿದಳು, 'ತಿಂಗಳಿಗೆ ಸಾವಿರ ರೂಪಾಯಿಗೋಸ್ಕರ ಹಸು ಮಾರಿದ್ರಾ?' ಅಂತ. ಉತ್ತರ ಇರಲಿಲ್ಲ, ಎದ್ದು ತೋಟಕ್ಕೆ ಹೋದೆ. ಎರಡನೇ ವರ್ಷ ಇವಳಿಗೆ 16,500, ಅವಳಿಗೆ 12,500. ಮೂರನೇ ವರ್ಷ ದೊಡ್ಡ ಆಸ್ಪತ್ರೆಗೆ ಸೇರಿ ಇವಳಿಗೆ 21,000, ಅವಳಿಗೆ 13,500. ಮೂರು ವರ್ಷದಲ್ಲಿ ಇವಳು ಹೆಚ್ಚಿಗೆ ತಂದದ್ದು ಒಂದೂವರೆ ಲಕ್ಷ. ಅಸಲು ಇನ್ನೂ ಹುಟ್ಟಿಲ್ಲ, ಇದೇ ರೀತಿ ನಡೆದರೆ ಇನ್ನೂ ಮೂರು ವರ್ಷಕ್ಕೆ ಮೇಲೆ ಬೇಕು. ಅಡಿಕೆ ಹಾಕಿದವನಿಗೆ ಇದು ಹೊಸ ಮಾತಲ್ಲ, ರಾಗಿ ಬೆಳೆದವನಿಗೆ ಮಾತ್ರ ಎದೆ ಒಡೆಯುತ್ತೆ.

ಮದುವೆ ಮಾಡಿ ಕಳಿಸಿದ ಮೇಲೆ ಆ ಮನೆಯವರು ಕೆಲಸ ಬಿಡಿಸಿದರೆ ಏನು ಗತಿ ಅಂತ ಕೆಲವರು ಕೇಳ್ತಾರೆ. ಕೇಳಬೇಕಾದ ಪ್ರಶ್ನೆಯೇ. ರಾತ್ರಿ ಪಾಳಿ ಇರುತ್ತೆ ಅಂತ ಒಂದು ಸಂಬಂಧ ಹಿಂದೆ ಹೋಯ್ತು. ಆದರೆ ಗಾರ್ಮೆಂಟ್ಸ್ ಇಲ್ಲದ ಊರು ಉಂಟು, ರಕ್ತ ಪರೀಕ್ಷೆ ಇಲ್ಲದ ತಾಲೂಕು ಇಲ್ಲ. ಎಲ್ಲಿಗೆ ಕೊಟ್ಟರೂ ಕೈಯಲ್ಲಿ ಕಸುಬು ಇರುತ್ತೆ. ಇದನ್ನ ರೂಪಾಯಿಯಲ್ಲಿ ಹೇಗೆ ಬರೀಬೇಕೋ ನನಗೆ ತಿಳೀದು.

ಇಷ್ಟು ನನ್ನ ಮಗಳದ್ದು. ಈಗ ನನ್ನ ತಮ್ಮನ ಮಗನ ವಿಷಯ ಹೇಳಬೇಕು, ಮನೆಯವರ ಒಪ್ಪಿಗೆ ಪಡೆದೇ ಹೇಳ್ತಾ ಇದೀನಿ. ಅವನನ್ನ ಪಟ್ಟಣದ ಒಂದು ಸಂಸ್ಥೆಗೆ ಸೇರಿಸಿದೆವು. ಒಂದೇ ವರ್ಷದ ಕೋರ್ಸು, ನೂರಕ್ಕೆ ನೂರು ಕೆಲಸ ಅಂತ ಬೋರ್ಡು ಹಾಕಿದ್ದರು. 'ಹತ್ತಿರ ಇದೆ, ಸೇರಿಸಪ್ಪ' ಅಂತ ಹೇಳಿದವನು ನಾನೇ. 1,10,000 ಕಟ್ಟಿದೆವು, ಅದೂ ನಮ್ಮ ಸಂಘದ ಬೆಳೆ ಸಾಲದಿಂದ. ಸರ್ಟಿಫಿಕೇಟು ತಗೊಂಡು ಹೋದರೆ ಆಸ್ಪತ್ರೆಯವರು ವಾಪಸ್ ಕೊಟ್ಟರು. ಅದರ ಮೇಲೆ ಪ್ಯಾರಾಮೆಡಿಕಲ್ ಮಂಡಳಿಯ ಹೆಸರೇ ಇರಲಿಲ್ಲ, ಸಂಸ್ಥೆಯವರು ತಾವೇ ಅಚ್ಚು ಹಾಕಿಸಿ ಕೊಟ್ಟದ್ದು. ಬೆಳೆ ಸಾಲಕ್ಕೆ ವಾಯಿದೆಯೊಳಗೆ ಕಟ್ಟಿದರೆ ಬಡ್ಡಿ ಇಲ್ಲ, ದಾಟಿದರೆ ಬಡ್ಡಿ ಬೀಳುತ್ತೆ. ನಾವು ದಾಟಿದೆವು. ನಿರ್ದೇಶಕನ ತಮ್ಮನ ಹೆಸರು ಸುಸ್ತಿದಾರರ ಪಟ್ಟಿಯಲ್ಲಿ ಬಂತು, ಆ ಪಟ್ಟಿಗೆ ನಾನೇ ಸಹಿ ಹಾಕಿದೆ. ಹುಡುಗ ಈಗ ಮೆಡಿಕಲ್ ಶಾಪಲ್ಲಿ ಕೆಲಸಕ್ಕಿದ್ದಾನೆ. ನನ್ನ ಹತ್ತಿರ ಮಾತು ಕಡಿಮೆ.

ಸೇರಿಸೋಕೆ ಮುಂಚೆ ಕೇಳಬೇಕಾಗಿದ್ದ ಮಾತು ದೊಡ್ಡದೇನಲ್ಲ. ಡಿಪ್ಲೊಮಾ ಆದರೆ ಪರೀಕ್ಷೆ ನಡೆಸೋದು ಕರ್ನಾಟಕ ರಾಜ್ಯ ಪ್ಯಾರಾಮೆಡಿಕಲ್ ಮಂಡಳಿಯೋ ಅಲ್ಲವೋ, ಕಾಲೇಜಿನ ಹೆಸರು ಮಂಡಳಿ ಪಟ್ಟಿಯಲ್ಲಿ ಇದೆಯೋ ನೋಡಬೇಕು. ಬಿ.ಎಸ್ಸಿ. ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದೋ ಅಂತ ನೋಡಬೇಕು. 2021ರಲ್ಲಿ ಕೇಂದ್ರ ಸರ್ಕಾರ ಈ ವೃತ್ತಿಯವರಿಗೆಂದೇ ಕಾಯ್ದೆ ತಂದಿದೆ. ಅದರ ಪ್ರಕಾರ ಡಿಪ್ಲೊಮಾಕ್ಕೆ ಕನಿಷ್ಠ 2,000 ಗಂಟೆ ಓದು, ಎರಡರಿಂದ ನಾಲ್ಕು ವರ್ಷದ ಅವಧಿ ಬೇಕು. ಆರು ತಿಂಗಳು, ಒಂದು ವರ್ಷ ಅಂತ ಬೋರ್ಡು ಕಂಡರೆ ಒಳಗೆ ಹೋಗಲೇಬೇಡಿ.

ಸಾಲ ಬೇಕಾದರೆ ಬ್ಯಾಂಕಿನ ಶಿಕ್ಷಣ ಸಾಲ ಕೇಳಿ. 4 ಲಕ್ಷದವರೆಗೆ ಜಮೀನು ಅಡ ಇಡಬೇಕಾಗಿಲ್ಲ, ಕೋರ್ಸು ಮುಗಿದ ಮೇಲೆ ಒಂದು ವರ್ಷ ಕಂತು ಕೇಳೋದಿಲ್ಲ. ಬಡ್ಡಿ ಮಾತ್ರ ಒಳಗೊಳಗೇ ಬೆಳೀತಿರುತ್ತೆ, ಅದನ್ನ ಮರೀಬೇಡಿ. ಮಾನ್ಯತೆ ಇಲ್ಲದ ಕೋರ್ಸಿಗೆ ಬ್ಯಾಂಕಿನವರು ಆ ಸಾಲ ಕೊಡೋದಿಲ್ಲ. ತಮ್ಮನ ಮಗನ ಕಾಲದಲ್ಲಿ ನಾವು ಬ್ಯಾಂಕಿಗೆ ಹೋಗಿದ್ದರೆ ಅಲ್ಲೇ ಗೊತ್ತಾಗ್ತಿತ್ತು. ಸಂಘದಲ್ಲಿ ನನ್ನ ಮಾತು ನಡೆಯುತ್ತೆ ಅನ್ನೋ ಧೈರ್ಯದಲ್ಲಿ ಹೋಗಲಿಲ್ಲ.

ಅಧ್ಯಕ್ಷರಲ್ಲಿ ಒಂದು ಕೋರಿಕೆ. ಪ್ರತಿ ವರ್ಷ ಫಲಿತಾಂಶ ಬಂದ ವಾರ ಮಂಡಳಿಯ ಕಾಲೇಜು ಪಟ್ಟಿಯನ್ನ ಸಂಘದ ನೋಟೀಸ್ ಬೋರ್ಡಿಗೆ ಅಂಟಿಸೋಣ. ಅದರ ಪ್ರಿಂಟಿನ ಖರ್ಚು ನನ್ನದು.