ಕಡಲಿಗೆ ಹೋಗಿ ಬಂದವರ ಮನೆ



ಇಂಡಿ, ಸಿಂದಗಿಗಳಿಗೆ ಭೀಮೆ. ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಗೆ ಕೃಷ್ಣೆ. ಇವೆರಡನ್ನು ಬಿಟ್ಟರೆ ನಮ್ಮದು ಮಳೆಗಾಗಿ ಮುಗಿಲು ನೋಡುವ ಸೀಮೆ. ಇಂಥ ಬಿಳಿಜೋಳದ ನಾಡಿನಿಂದಲೂ ಹುಡುಗರು ನೌಕಾಪಡೆ ಸೇರಿ ಹಡಗು ಹತ್ತಿದ್ದಾರೆ. ನೌಕಾಪಡೆ ಎಂದರೂ ಭೂಸೇನೆ ಎಂದರೂ ನಮ್ಮ ಊರವರಿಗೆ ಎಲ್ಲ ‘ಮಿಲ್ಟ್ರಿ’ಯೇ. ಅಂಥ ಮಿಲ್ಟ್ರಿಯವರ ಮನೆ ನಿಮ್ಮ ಓಣಿಯಲ್ಲಿದ್ದರೆ, ಅಥವಾ ಅದು ನಿಮ್ಮದೇ ಮನೆಯಾಗಿದ್ದರೆ, ಈ ಮಾತು ನಿಮಗಾಗಿ.

ಕನಿಷ್ಠ 15 ವರ್ಷ ಸೇವೆ ಮುಗಿಸಿದ ನಾವಿಕನಿಗೆ ಪಿಂಚಣಿಯ ಹಕ್ಕುಂಟು. ಹದಿನೆಂಟು, ಇಪ್ಪತ್ತರಲ್ಲಿ ಸೇರಿದವನು ಮೂವತ್ತೈದರ ಸುಮಾರಿಗೆ ಮನೆಗೆ ಬರಬಹುದು. (2022ರಿಂದ ಅಗ್ನಿವೀರರಾಗಿ ಸೇರುವವರ ಲೆಕ್ಕ ಬೇರೆ, ಅವರ ಅವಧಿ ನಾಲ್ಕು ವರ್ಷ, ಅದಕ್ಕೆ ಪಿಂಚಣಿಯಿಲ್ಲ.) ಅಲ್ಲಿಯವರೆಗೆ ಅವನ ಸಂಸಾರ ನಡೆದದ್ದು ರಜೆಯಲ್ಲಿ ಮತ್ತು ಕಾಗದದಲ್ಲಿ. ಹಡಗಿಗೆ ಊರಿನ ವಿಳಾಸವಿಲ್ಲ. ಹಡಗಿನ ಹೆಸರು ಬರೆದು ‘ಫ್ಲೀಟ್ ಮೇಲ್ ಆಫೀಸ್’ ಎಂದು ಸೇರಿಸಿದರೆ ಅದು ಯಾವ ಬಂದರಿನಲ್ಲಿದ್ದರೂ ಪತ್ರ ಹಿಂದೆ ಹೋಗುತ್ತಿತ್ತು. ದೀಪದ ಮಿಣುಕಿನಲ್ಲಿ ಸಂದೇಶ ಓದಬಲ್ಲವನಿಗೆ ಮಗಳು ಎಷ್ಟನೆಯ ಇಯತ್ತೆಯಲ್ಲಿದ್ದಾಳೆ ಎಂಬುದು ಥಟ್ಟನೆ ಹೊಳೆಯುತ್ತಿರಲಿಲ್ಲ. ಅದು ಅಕ್ಕರೆಯ ಕೊರತೆಯಲ್ಲ.

ಕಡಲು ಎಷ್ಟು ಬೇಗ ಮನೆಯೊಂದನ್ನು ಬರಿದು ಮಾಡಬಲ್ಲದು ಎಂಬುದನ್ನು ದೇಶ 1971ರ ಡಿಸೆಂಬರ್ 9ರಂದು ಕಂಡಿತು. ಆ ರಾತ್ರಿ ಅರಬ್ಬೀ ಸಮುದ್ರದಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿಯ ಹೊಡೆತಕ್ಕೆ ‘ಖುಕ್ರಿ’ ಯುದ್ಧನೌಕೆ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಮಡಿದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗನ್ನು ಬಿಟ್ಟು ಬರಲಿಲ್ಲ. ಆ ವೀರತನವನ್ನು ನಾವು ನೆನೆಯುತ್ತೇವೆ. ಮಾರನೆಯ ತಿಂಗಳು ಮಕ್ಕಳಿಗೆ ಅನ್ನ ಹಾಕಬೇಕಾದ ಹೆಂಗಸರನ್ನು ನೆನೆಯುವುದು ಕಡಿಮೆ.

ಈಗ ನಾನು ಹೇಳಬೇಕಾದ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಅನೇಕ ಮನೆತನಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರು ಇಡುತ್ತಾರೆ. ತವರಿನಲ್ಲಿ ಕಸ್ತೂರಿಯಾಗಿದ್ದವಳು ಗಂಡನ ಮನೆಯಲ್ಲಿ ಮಹಾದೇವಿ. ಚೆಂದದ ಪದ್ಧತಿಯೇ ಇರಬಹುದು, ಆದರೆ ಸರಕಾರಿ ಕಾಗದಕ್ಕೆ ಅದು ತಿಳಿಯದು. ಸೇವಾ ದಾಖಲೆಯಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಮತ್ತೊಂದು, ಆಧಾರ್ ಕಾರ್ಡಿನಲ್ಲಿ ಅಡ್ಡಹೆಸರು ಸೇರಿ ಮೂರನೆಯದು. ಗಂಡ ಇರುವವರೆಗೆ ಯಾರೂ ಕೇಳುವುದಿಲ್ಲ. ಪಿಂಚಣಿ ತಿಂಗಳು ತಿಂಗಳು ಬ್ಯಾಂಕಿಗೆ ಬೀಳುತ್ತದೆ. ಅವನು ತೀರಿಕೊಂಡ ಮೇಲೆ ಆ ಅವ್ವ ಕಚೇರಿಯ ಕಿಟಕಿಯ ಮುಂದೆ ನಿಂತು, ತಾನೇ ಆ ಹೆಂಡತಿ ಎಂದು ರುಜುವಾತು ಮಾಡಬೇಕಾಗುತ್ತದೆ. ಹೆಸರುಗಳು ತಾಳೆಯಾಗದೆ ಕುಟುಂಬ ಪಿಂಚಣಿ ತಡವಾದರೆ, ಕೈಗಡ ತಂದೇ ದಿನ ನೂಕಬೇಕು. ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ಪಗಾರದ ಶೇಕಡಾ 30ರಷ್ಟು. ದೊಡ್ಡದಲ್ಲ, ಆದರೆ ತಪ್ಪದೆ ಬರುವಂಥದು.

ಸಂಸಾರವನ್ನು ಪ್ರೀತಿಸುವ ನಾವಿಕ ಇದನ್ನು ತಾನಿರುವಾಗಲೇ ಸರಿಪಡಿಸಬೇಕು. ಎರಡು ಹೆಸರೂ ಒಬ್ಬಳದೇ ಎಂಬ ಪ್ರಮಾಣಪತ್ರ, ಮದುವೆಯ ದಾಖಲೆ, ಆಧಾರ್ ಪ್ರತಿ ಹಿಡಿದು ವಿಜಯಪುರದ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ನಾವಿಕರ ಸೇವಾ ದಾಖಲೆಗಳಿರುವುದು ಮುಂಬಯಿಯ ಮಾನಖುರ್ದದ ‘ಬ್ಯೂರೊ ಆಫ್ ಸೇಲರ್ಸ್’ನಲ್ಲಿ, ತಿದ್ದುಪಡಿಯ ಅರ್ಜಿ ಅಲ್ಲಿಗೆ ಮುಟ್ಟಬೇಕು. ಮನೆಯಲ್ಲಿ ತಾನೇ ದುಡಿದು ಉಣ್ಣಲಾರದ ಅಂಗವಿಕಲ ಮಗುವಿದ್ದರೆ ಅದರ ಹೆಸರನ್ನೂ ಸೇರಿಸಲು ಕೇಳಿ. ಅಂಥ ಮಗುವಿಗೆ ತಂದೆತಾಯಿಗಳ ನಂತರ ಜೀವಮಾನವಿಡೀ ಕುಟುಂಬ ಪಿಂಚಣಿ ಪಡೆಯಲು ನಿಯಮದಲ್ಲಿ ಅವಕಾಶವುಂಟು. 2003ರಲ್ಲಿ ಆರಂಭವಾದ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡಿನಲ್ಲಿಯೂ ಅದೇ ಹೆಸರು, ಅದೇ ಕಾಗುಣಿತ ಇರಲಿ.

ಹಡಗಿನಲ್ಲಿ ಪ್ರತಿಯೊಂದನ್ನೂ ಲಾಗ್ ಪುಸ್ತಕದಲ್ಲಿ ಬರೆದಿಟ್ಟವರಿಗೆ ಇದು ಕಷ್ಟದ ಕೆಲಸವಲ್ಲ. ಇಂದು ರಾತ್ರಿ ಊಟವಾದ ಮೇಲೆ ಟ್ರಂಕಿನಿಂದ ಪಿಂಚಣಿ ಆದೇಶದ ಕಾಗದ ತೆಗೆಯಿರಿ. ಅದರಲ್ಲಿರುವ ಹೆಸರನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿ, “ಇದು ನಿನ್ನ ಹೆಸರೇನು?” ಎಂದು ಕೇಳಿ.