ಕೆರೆಯ ಹಕ್ಕೂ ಕೆರೆಯ ಉಳಿವೂ



ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದ ಸಂಗತಿಯು ನಿಮಗೆಲ್ಲ ವಿದಿತವೇ ಆಗಿರುವುದು. ಕೆರೆಯನ್ನು ಕಟ್ಟಿಸುವುದು ಪುಣ್ಯಕಾರ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಕಟ್ಟಿಸಿದವರ ಕಾಲವು ಕಳೆದ ಮೇಲೆ ಹೂಳನ್ನು ತೆಗೆಯುವವರಾರು? ಏರಿಯ ಬಿರುಕನ್ನು ಮುಚ್ಚುವವರಾರು? ಇದೇ ನನ್ನ ಇಂದಿನ ವಿಷಯವು.

ನಮ್ಮ ಪೂರ್ವಿಕರು ಈ ಕೆಲಸವನ್ನು ಕೇವಲ ಧರ್ಮಬುದ್ಧಿಗೆ ಬಿಟ್ಟಿರಲಿಲ್ಲ. ಕೆರೆಯನ್ನು ಕಟ್ಟಿದವನಿಗೂ ಜೀರ್ಣೋದ್ಧಾರ ಮಾಡಿದವನಿಗೂ ಕಟ್ಟುಕೊಡಗೆಯೆಂದು ಭೂಮಿಯನ್ನು ಕೊಡುತ್ತಿದ್ದರು. ಕೆರೆಯ ರಕ್ಷಣೆಗಾಗಿ ಬಿತ್ತುವಟ್ಟವನ್ನು ಬಿಡುತ್ತಿದ್ದರು. ಶಾಸನಗಳಲ್ಲಿ ಇವು ಮೇಲಿಂದ ಮೇಲೆ ಕಾಣಬರುವುವು. ನೀರನ್ನು ಹಂಚುವ ನೀರುಗಂಟಿಗೆ ಸುಗ್ಗಿಯ ಕಣದಲ್ಲಿ ಧಾನ್ಯದ ಆಯವು ಸಲ್ಲುತ್ತಿತ್ತು. ಕೆರೆ ತುಂಬಿದರೆ ಅಚ್ಚುಕಟ್ಟು ಬೆಳೆಯುವುದು. ಏರಿಯೊಡೆದರೆ ಕಾಯುವವನ ಪಾಲೂ ಕೊಚ್ಚಿಹೋಗುವುದು. ಹೀಗೆ ಸ್ವಾರ್ಥವೂ ಊರಿನ ಹಿತವೂ ಒಂದೇ ತೂಬಿನಲ್ಲಿ ಹರಿಯುವಂತೆ ಅವರು ಏರ್ಪಡಿಸಿದ್ದರು.

ಬ್ರಿಟಿಷರ ಆಳಿಕೆಯಲ್ಲಿ ಕೆರೆಗಳ ಆಡಳಿತವು ಸರ್ಕಾರದ ಇಲಾಖೆಗಳ ಕೈಸೇರಿತು. ಮೈಸೂರು ರಾಜ್ಯದ 1961ರ ಕಾನೂನಿನಿಂದ ವಂಶಪಾರಂಪರ್ಯವಾದ ಗ್ರಾಮಚಾಕರಿಗಳು ರದ್ದಾದುವು. ಹುಟ್ಟಿನಿಂದಲೇ ಹೊರಬೇಕಾದ ಚಾಕರಿಯು ತೊಲಗಿದುದು ನ್ಯಾಯವೇ ಸರಿ. ಆದರೆ ಹಳೆಯ ಹಕ್ಕು ಹೋದ ಎಡೆಯಲ್ಲಿ ಹೊಸ ಹಕ್ಕು ಬಹುಕಾಲ ಬರಲಿಲ್ಲ. ಎಲ್ಲರದೂ ಆದ ಕೆರೆಯು ಯಾರದೂ ಅಲ್ಲದಂತಾಯಿತು. ಕರ್ನಾಟಕದ 36,000ಕ್ಕೂ ಮಿಕ್ಕ ಕೆರೆಗಳಲ್ಲಿ ಎಷ್ಟೋ ಕೆರೆಗಳು ಹೂಳಿನಿಂದಲೂ ಜಾಲಿಯಿಂದಲೂ ಒತ್ತುವರಿಯಿಂದಲೂ ಸೊರಗಿವೆ.

ಎಲ್ಲರಿಗೂ ಸೇರಿದ ಹುಲ್ಲುಗಾವಲು ಪ್ರತಿಯೊಬ್ಬನ ಲೋಭದಿಂದ ಹಾಳಾಗುವುದೆಂದೂ, ಖಾಸಗಿ ಒಡೆತನವಾಗಲಿ ಸರ್ಕಾರದ ಹಿಡಿತವಾಗಲಿ ಅದಕ್ಕೆ ಮದ್ದೆಂದೂ 1968ರಲ್ಲಿ ಅಮೆರಿಕೆಯ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಅವರು ವಾದಿಸಿದರು. ಮೂರನೆಯ ದಾರಿಯೂ ಉಂಟೆಂದು ಎಲಿನಾರ್ ಆಸ್ಟ್ರಮ್ ಎಂಬ ವಿದುಷಿಯು 1990ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. ಸ್ಪೇನ್ ದೇಶದ ವೆಲೆನ್ಸಿಯಾದ ರೈತರು ತಾವೇ ಮಾಡಿಕೊಂಡ ನಿಯಮಗಳಿಂದ ಶತಮಾನಗಳ ಕಾಲ ಕಾಲುವೆಯ ನೀರನ್ನು ಹಂಚಿಕೊಂಡು ಬಂದುದು ಅವರಿತ್ತ ನಿದರ್ಶನಗಳಲ್ಲೊಂದು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ನಮ್ಮ ಶಾಸನಗಳನ್ನು ಓದಿದವರಿಗೆ ಈ ಮಾತು ತೀರ ಹೊಸದೆನಿಸದು.

ಆದರೆ ಹಕ್ಕೆಂದರೆ ಮಾರುವ ಹಕ್ಕಲ್ಲ. ಕೆರೆಯಂಗಳವನ್ನೇ ಮಾರಲು ಬಿಟ್ಟರೆ, ಪಟ್ಟಣದ ಬಳಿಯಲ್ಲಿ ನೀರಿಗಿಂತ ನಿವೇಶನಕ್ಕೆ ಬೆಲೆ ಹೆಚ್ಚಾಗಿ, ಕೆರೆಯೇ ಇಲ್ಲವಾಗುವುದು. ನಮಗೆ ಬೇಕಾದುದು ಅನುಭೋಗದ ಹಕ್ಕು. ಅದರೊಡನೆ ಬಿಡದೆ ಬರುವ ಕರ್ತವ್ಯ. ಕೆರೆಯ ಗೋಡನ್ನು ಹೊಲಕ್ಕೆ ಹೇರುವ ರೈತನು ಗೊಬ್ಬರವನ್ನೂ ಪಡೆಯುವನು, ಹೂಳನ್ನೂ ತೆಗೆಯುವನು. ಮೀನಿನ ಗುತ್ತಿಗೆಯ ಹಣವು ಊರಿನಲ್ಲಿಯೇ ಉಳಿದು ತೂಬು ಕೋಡಿಗಳ ದುರಸ್ತಿಗೆ ಸಲ್ಲಲಿ. ಹೊಲವಿಲ್ಲದವರ ದನಕುರಿಗಳ ನೀರು ಮಾತ್ರ ಈ ಲೆಕ್ಕದಲ್ಲಿ ಮೊದಲು ಬರಬೇಕು. ಅವರ ಪಾಲನ್ನು ಕಸಿಯುವ ಏರ್ಪಾಡು ದಾಸೋಹಕ್ಕೆ ವಿರುದ್ಧವಾದುದು.

ಸದ್ಭಕ್ತರು ತಮ್ಮ ತಮ್ಮ ಊರುಗಳಿಗೆ ಹಿಂದಿರುಗಿ ಕೆರೆಯ ಏರಿಯ ಮೇಲೆ ಕೂಡಿ ಕುಳಿತು, ಕಾಯುವವರಾರು, ಅವರಿಗೆ ಸಲ್ಲುವ ಪಾಲೇನು ಎಂಬ ಎರಡು ಪ್ರಶ್ನೆಗಳನ್ನು ಇತ್ಯರ್ಥ ಮಾಡಿಕೊಂಡರೆ ಈ ಮಹೋತ್ಸವವು ಸಾರ್ಥಕವಾಗುವುದು. ಇಷ್ಟನ್ನು ಬಿನ್ನವಿಸಿ ವಿರಮಿಸುತ್ತೇನೆ.

ಶಿವಾರ್ಪಣಮಸ್ತು.