ನೆಲಮಂಗಲ ಟೋಲ್ ದಾಟದ ಬಿಯರ್

(ಪಾಡ್‌ಕಾಸ್ಟ್ ಸಂಚಿಕೆಯ ಪೂರ್ಣ ಪಠ್ಯ)

ಇವತ್ತಿನ ಸಂಚಿಕೆ ಬಿಯರ್ ಬಗ್ಗೆ. ಕುಡಿಯದವರು ಸ್ಕಿಪ್ ಮಾಡ್ಬೇಡಿ. ಇದರಲ್ಲಿ ಕುಡಿತಕ್ಕಿಂತ ಲೆಕ್ಕ, ಕಾನೂನು, ಕಿಲೋಮೀಟರ್ ಇವೇ ಜಾಸ್ತಿ ಇವೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದ ನಮ್ಮ ವಯಸ್ಸಿನ ಹುಡುಗ್ರು ಹುಡುಗೀರು ಹಬ್ಬಕ್ಕೆ ಊರಿಗೆ ಬಂದಾಗ ಎರಡು ಪ್ರಶ್ನೆ ಕೇಳ್ತಾರೆ. ಒಂದು: ಬೆಂಗಳೂರಿನ ಹೇಜಿ ಐಪಿಎ ಬೇರೆ ಕಡೆಗಿಂತ ನಿಜವಾಗ್ಲೂ ಚೆನ್ನಾಗಿದೆಯಾ, ಇಲ್ಲಾ ಬರೀ ಇನ್‌ಸ್ಟಾಗ್ರಾಮ್ ಬಿಲ್ಡಪ್ಪಾ? ಎರಡು: ನಮ್ಮೂರಲ್ಲಿ ಅದು ಯಾಕೆ ಸಿಗಲ್ಲ? ಎರಡಕ್ಕೂ ಉತ್ತರ ಒಂದೇ ಜಾಗದಲ್ಲಿದೆ, ಟ್ಯಾಂಕಿನಿಂದ ಗ್ಲಾಸಿಗೆ ಇರೋ ದೂರದಲ್ಲಿ. ಹೇಗೆ ಅಂತ ಹೇಳ್ತೀನಿ.

ಮೊದಲು ಹೇಜಿ ಅಂದ್ರೇನು ಅಂತ ನೋಡೋಣ. ನಮ್ಮ ಮನೆಗಳಲ್ಲಿ ಮಗುವಿಗೆ ರಾಗಿ ಸರಿ ಮಾಡೋಕೆ ರಾಗಿ ನೆನೆಸಿ, ಬಟ್ಟೇಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸ್ತಾರಲ್ಲ, ಬಾರ್ಲಿಗೆ ಅದನ್ನೇ ಮಾಡಿದ್ರೆ ಮಾಲ್ಟ್. ಅದನ್ನ ಬಿಸಿನೀರಲ್ಲಿ ನೆನೆಸಿ, ಸಿಹಿ ರಸ ತೆಗೆದು, ಹಾಪ್ಸ್ ಅನ್ನೋ ಹೂವು ಹಾಕಿ ಕುದಿಸಿ, ಆಮೇಲೆ ಯೀಸ್ಟ್ ಹಾಕಿ ಹುಳಿಯೋಕೆ ಬಿಟ್ರೆ ಬಿಯರ್. ಹೇಜಿಗೆ ಬಾರ್ಲಿ ಜೊತೆ ಓಟ್ಸ್, ಗೋಧಿ ಸೇರಿಸ್ತಾರೆ. ಅವುಗಳ ಪ್ರೋಟೀನು, ಹಾಪ್ಸ್‌ನ ಪಾಲಿಫಿನಾಲ್ ಅಂಟಿಕೊಂಡು ತೇಲ್ತವೆ. ಫಿಲ್ಟರ್ ಮಾಡಲ್ಲ. ಹಾಗಾಗಿ ಗ್ಲಾಸು ನೋಡಿದ್ರೆ ಮಾವಿನ ಜ್ಯೂಸ್ ತರ, ಆ ಕಡೆ ಇಟ್ಟ ಬೆರಳು ಕಾಣಲ್ಲ.

ಹಾಪ್ಸ್ ಹಾಕೋ ಟೈಮೇ ಇಲ್ಲಿ ಮುಖ್ಯ. ಜಾಸ್ತಿ ಹೊತ್ತು ಕುದಿಸಿದ್ರೆ ಕಹಿ ಬರುತ್ತೆ. ಹೇಜಿಯಲ್ಲಿ ಕುದಿ ಮುಗಿದ ಮೇಲೆ, ಹುದುಗು ಬರ್ತಿರುವಾಗ, ಹುದುಗು ಮುಗಿದ ಮೇಲೆ ಹೀಗೆ ತಡವಾಗಿ ಸುರೀತಾರೆ. ಆಗ ಕಹಿ ಕಮ್ಮಿ, ಕಿತ್ತಳೆ, ಮಾವು, ಅನಾನಸ್ ತರದ ವಾಸನೆ ಜಾಸ್ತಿ. ಸಿಟ್ರಾ, ಮೊಸಾಯಿಕ್ ಅಂತ ಬೋರ್ಡಲ್ಲಿ ಬರೆದಿರೋದು ಹಾಪ್ಸ್ ತಳಿಗಳ ಹೆಸರು. ನಾವು ಮಾವಿಗೆ ಬಾದಾಮಿ, ರಸಪುರಿ ಅಂತೀವಲ್ಲ, ಹಂಗೆ.

ಈ ವಾಸನೆಗೆ ದೊಡ್ಡ ಶತ್ರು ಗಾಳಿಯಲ್ಲಿರೋ ಆಮ್ಲಜನಕ, ಎರಡನೇ ಶತ್ರು ಬಿಸಿಲು, ಸೆಕೆ. ಸ್ವಲ್ಪ ಆಕ್ಸಿಜನ್ ಸೇರಿದ್ರೂ ಬಂಗಾರದ ಬಣ್ಣ ಕಂದಾಗುತ್ತೆ, ಮಾವಿನ ವಾಸನೆ ಹೋಗಿ ಒದ್ದೆ ರಟ್ಟಿನ ವಾಸನೆ ಬರುತ್ತೆ. ಒಳ್ಳೆ ಕ್ಯಾನಲ್ಲಿ ತುಂಬಿ, ತಣ್ಣಗೆ ಇಟ್ರೂ ಕೆಲವು ವಾರ ಅಷ್ಟೇ ಅದರ ಜೋರು.

ಇಲ್ಲೊಂದು ತಮಾಷೆ ಇದೆ. ಐಪಿಎ ಅಂದ್ರೆ ಇಂಡಿಯಾ ಪೇಲ್ ಏಲ್. ಈ ಬಗೆ ಹೆಸರಾಗಿದ್ದೇ ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಹಡಗಲ್ಲಿ ಬಂದಿದ್ದಕ್ಕೆ. ತಿಂಗಳುಗಟ್ಟಲೆ ಸಮುದ್ರದ ಮೇಲೆ ಕೆಡಬಾರದು ಅಂತ ಹಾಪ್ಸ್ ಜಾಸ್ತಿ ಹಾಕ್ತಿದ್ರು, ಹಾಪ್ಸ್ ಬ್ಯಾಕ್ಟೀರಿಯಾ ತಡೆಯುತ್ತೆ. ಅಂದ್ರೆ ದೂರ ಹೋಗೋಕೆ ಅಂತಲೇ ಸಜ್ಜಾದ ಬಿಯರ್ ಅದು. ಅದರ ಇವತ್ತಿನ ಮೊಮ್ಮಗ ಹೇಜಿ ಮಾತ್ರ ಇಂದಿರಾನಗರದಿಂದ ಹೊರಟು ನೆಲಮಂಗಲ ಟೋಲ್ ದಾಟಲ್ಲ.

ಈಗ ಹೋಲಿಕೆಗೆ ಬರೋಣ. ಹೇಜಿಯ ತವರು ಅಂತ ಎಲ್ಲರೂ ಬೆರಳು ತೋರಿಸೋದು ಅಮೆರಿಕದ ವರ್ಮಾಂಟ್ ರಾಜ್ಯದ ವಾಟರ್‌ಬರಿ ಕಡೆಗೆ. ಜಾನ್ ಕಿಮಿಚ್, ಜೆನ್ ಕಿಮಿಚ್ ಅನ್ನೋ ದಂಪತಿ 2003ರಲ್ಲಿ ಅಲ್ಲಿ ದಿ ಆಲ್ಕೆಮಿಸ್ಟ್ ಅಂತ ಬ್ರೂಪಬ್ ತೆರೆದ್ರು. ಅವರ ಹೆಡಿ ಟಾಪರ್ ಅನ್ನೋ ಬಿಯರೇ ಈ ಮಬ್ಬಿನ ಮೂಲಪುರುಷ. 2011ರಲ್ಲಿ ಐರೀನ್ ಚಂಡಮಾರುತದ ಪ್ರವಾಹದಲ್ಲಿ ಪಬ್ ಹಾಳಾಯ್ತು. ಅದೇ ಹೊತ್ತಿಗೆ ಶುರುವಾಗಿದ್ದ ಕ್ಯಾನಿಂಗ್ ಘಟಕ ಉಳೀತು. ಅವರು ದೇಶಕ್ಕೆಲ್ಲ ಕಳಿಸೋಕೆ ಹೋಗಲಿಲ್ಲ, ಹತ್ತಿರದಲ್ಲೇ ಮಾರಿದ್ರು. ಜನ ಬೇರೆ ರಾಜ್ಯಗಳಿಂದ ಕಾರ್ ಓಡಿಸ್ಕೊಂಡು ಬಂದು ಕ್ಯೂ ನಿಂತ್ರು. 2018ರಲ್ಲಿ ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ತನ್ನ ಪಟ್ಟಿಯಲ್ಲಿ ಜ್ಯೂಸಿ ಅಥವಾ ಹೇಜಿ ಅಂತ ಹೊಸ ವರ್ಗವನ್ನೇ ಸೇರಿಸ್ತು.

ವಾಟರ್‌ಬರಿ ಎಷ್ಟು ದೊಡ್ಡ ಊರು ಗೊತ್ತಾ? ಜನಸಂಖ್ಯೆ 5,000ದ ಆಸುಪಾಸು. ನಮ್ಮ ಕೊರಟಗೆರೆ ಪಟ್ಟಣಕ್ಕಿಂತ ಚಿಕ್ಕದು. ಇದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಬೆಂಗಳೂರಿಗೆ ಬರೋಣ. 2010ರಲ್ಲಿ ಟಾಯ್ಟ್, 2012ರಲ್ಲಿ ಆರ್ಬರ್ ಮತ್ತು ವಿಂಡ್‌ಮಿಲ್ಸ್, ಹೀಗೆ ಶುರುವಾದ ಸಾಲು ಈಗ ಹತ್ತಾರು ಬ್ರೂಪಬ್‌ಗಳಿಗೆ ಬೆಳೆದಿದೆ. ಮೊದಮೊದಲು ಜನ ಕುಡಿದಿದ್ದು ಹೆಚ್ಚಾಗಿ ಗೋಧಿ ಬಿಯರ್, ಅದೂ ಮಬ್ಬೇ. ಹಾಗಾಗಿ ಮೋಡ ಕವಿದ ಗ್ಲಾಸು ನೋಡಿ ಇದು ಕೆಟ್ಟಿದೆ ಅಂತ ವಾಪಸ್ ಕಳಿಸೋ ಕಾಲ ಹೇಜಿ ಬರೋಷ್ಟರಲ್ಲಿ ಮುಗಿದಿತ್ತು. ಆರ್ಬರ್‌ನ ರೇಜಿಂಗ್ ಎಲಿಫೆಂಟ್, ಗೈಸ್ಟ್‌ನ ಕಾಮಸಿಟ್ರಾ ತರದ ಐಪಿಎಗಳು ಹಾಪ್ಸ್ ವಾಸನೆಗೆ ಮೂಗು ಪಳಗಿಸಿದ್ವು. ಈಗ ಹೇಜಿ ಅನ್ನೋ ಹೆಸರು ಪಬ್ ಬೋರ್ಡಲ್ಲಿ ಮಾಮೂಲಿ.

ಬೆಂಗಳೂರಿನ ದೊಡ್ಡ ಬಲ ಅಂದ್ರೆ ಟ್ಯಾಂಕು ಕಣ್ಣೆದುರೇ ಇರೋದು. ಮೈಕ್ರೋಬ್ರೂವರಿ ಲೈಸೆನ್ಸಿನ ಮೂಲ ಕಲ್ಪನೆಯೇ ಇಲ್ಲೇ ಮಾಡಿ, ಇಲ್ಲೇ ಕುಡಿಸಿ ಅನ್ನೋದು. ಬಾಟಲಿ ಇಲ್ಲ, ಲಾರಿ ಇಲ್ಲ, ಗೋಡೌನ್ ಇಲ್ಲ. ತಣ್ಣನೆ ಟ್ಯಾಂಕಿನಿಂದ ಪೈಪಲ್ಲಿ ಕೆಲವು ಅಡಿ ಬಂದು ಗ್ಲಾಸಿಗೆ. ಹೇಜಿಗೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಇಲ್ಲ. ಒಳ್ಳೆ ಬ್ರೂವರ್ ಮಾಡಿದ ವಾರದಲ್ಲೇ ಅಲ್ಲಿ ಕೂತು ಕುಡಿದ್ರೆ, ವಾರಗಟ್ಟಲೆ ತಿರುಗಾಡಿ ಬಂದ ವಿದೇಶಿ ಕ್ಯಾನಿಗಿಂತ ಚೆನ್ನಾಗೇ ಇರುತ್ತೆ. ಇದು ಬಿಲ್ಡಪ್ ಅಲ್ಲ.

ದೌರ್ಬಲ್ಯ ಖರ್ಚಿನಲ್ಲಿದೆ. ನಾನು ಬಿಕಾಂ, ಲೆಕ್ಕ ಹಾಕದೆ ಇರೋಕಾಗಲ್ಲ. ಮಾಮೂಲಿ ಲಾಗರ್‌ಗೆ ಲೀಟರಿಗೆ 1-2 ಗ್ರಾಂ ಹಾಪ್ಸ್ ಸಾಕು. ಹೇಜಿಗೆ 10 ಗ್ರಾಂ ದಾಟುತ್ತೆ, ಕೆಲವರು 20ರ ತನಕ ಹೋಗ್ತಾರೆ. 1,000 ಲೀಟರ್ ಟ್ಯಾಂಕಿಗೆ 10ರಿಂದ 20 ಕೆಜಿ. ನಮ್ಮಲ್ಲಿ ಹಿಮಾಚಲದ ಲಾಹೌಲ್ ಕಡೆ ಸ್ವಲ್ಪ ಹಾಪ್ಸ್ ಬೆಳೀತಾರೆ, ಆದ್ರೆ ಈ ಹಣ್ಣಿನ ವಾಸನೆಯ ತಳಿಗಳು ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡಿನಿಂದ ಬರಬೇಕು. ಹಾಕಿದ ಹಾಪ್ಸ್ ಒಂದಿಷ್ಟು ಬಿಯರ್ ಹೀರ್ಕೊಂಡು ತಳದಲ್ಲಿ ಕೂರುತ್ತೆ, ಅದೂ ನಷ್ಟ. ಮೇಲಿಂದ, ಮದ್ಯ ಜಿಎಸ್‌ಟಿಯಿಂದ ಹೊರಗಿದೆ. ಹಾಪ್ಸ್, ಮಾಲ್ಟ್ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನ ಬಿಯರ್ ಮಾರಿ ವಾಪಸ್ ಹೊಂದಿಸ್ಕೊಳ್ಳೋಕಾಗಲ್ಲ. ಅಷ್ಟೂ ಬೆಲೆಗೆ ಸೇರುತ್ತೆ. ಆಗ ಕೆಲವು ಕಡೆ ಏನಾಗುತ್ತೆ? ಓಟ್ಸ್ ಹಾಕಿ ಮಬ್ಬು ಬರಿಸ್ತಾರೆ, ಹಾಪ್ಸ್‌ನಲ್ಲಿ ಕೈ ಹಿಡೀತಾರೆ. ನೋಡೋಕೆ ಹೇಜಿ, ಮೂಗಿಗೆ ಏನೂ ಇಲ್ಲ. ಆರ್ಡರ್ ಮಾಡೋ ಮುಂಚೆ ಸ್ಯಾಂಪಲ್ ಕೇಳಿ, ಮೂಸಿ ನೋಡಿ.

ಮಹಾರಾಷ್ಟ್ರದಲ್ಲಿ ಪುಣೆಯ ಡೂಲಾಲಿ 2009ರಲ್ಲೇ ಶುರುವಾಯ್ತು. ಅಲ್ಲಿ ಗ್ರೌಲರ್ ಅನ್ನೋ ದೊಡ್ಡ ಬಾಟಲಿಗೆ ತಾಜಾ ಬಿಯರ್ ತುಂಬಿಸ್ಕೊಂಡು ಮನೆಗೆ ಒಯ್ಯೋ ರೂಢಿ ಇದೆ. ಗೋವಾದ ದಾರಿ ಕ್ಯಾನು. ಬೆಂಗಳೂರಿನ ಆರ್ಬರ್ ಕೂಡ ಗೋವಾದಲ್ಲಿ ಬ್ರೂವರಿ ಹಾಕಿ ಕ್ಯಾನಲ್ಲಿ ಮಾರ್ತಿದೆ. ಆದ್ರೆ ಕ್ಯಾನು ರಾಜ್ಯದ ಗಡಿ ದಾಟಿದ್ರೆ ಪ್ರತಿ ರಾಜ್ಯದಲ್ಲೂ ಬೇರೆ ಲೇಬಲ್ ನೋಂದಣಿ, ಬೇರೆ ತೆರಿಗೆ, ಜೊತೆಗೆ ಮೇ ತಿಂಗಳ ಲಾರಿಯ ಸೆಕೆ. ಬೆಂಗಳೂರಲ್ಲಿ 2020ರ ಲಾಕ್‌ಡೌನ್ ಹೊತ್ತಲ್ಲಿ, ಟ್ಯಾಂಕಲ್ಲಿದ್ದ ಬಿಯರ್ ಹಾಳಾಗುತ್ತೆ ಅಂತ, ಸರ್ಕಾರ 2 ಲೀಟರ್ ತನಕ ಪಾರ್ಸೆಲ್‌ಗೆ ತಾತ್ಕಾಲಿಕ ಅನುಮತಿ ಕೊಟ್ಟಿತ್ತು.

ಒಟ್ಟು ಲೆಕ್ಕ: ಪಬ್ ಒಳಗೆ ಬೆಂಗಳೂರು ದೇಶದ ಯಾವ ಊರಿಗೂ ಕಮ್ಮಿ ಇಲ್ಲ. ಬಾಗಿಲಿಂದ ಹೊರಗೆ ಬಂದ್ರೆ ಪುಣೆ, ಗೋವಾ ಮುಂದಿವೆ.

ಈಗ ನಮ್ಮ ನಾಲ್ಕು ತಾಲ್ಲೂಕು. ಶಿರಾ ಬೆಂಗಳೂರು-ಪುಣೆ ಹೆದ್ದಾರಿ ಮೇಲೇ ಇದೆ, ಎರಡು ಬಿಯರ್ ರಾಜಧಾನಿಗಳ ನಡುವಿನ ರಸ್ತೆ. ಆದ್ರೂ ನಮ್ಮ ವೈನ್ ಶಾಪಲ್ಲಿ ಸಿಗೋದು ಸ್ಟ್ರಾಂಗ್ ಲಾಗರ್. ಅದು ಬಾಯಿರುಚಿ ಇಲ್ಲದ ಜನ ಅಂತ ಅಲ್ಲ. ಪಾಶ್ಚರೀಕರಿಸಿದ ಲಾಗರ್ ಲಾರಿ, ಡಿಪೋ, ಅಂಗಡಿ ಶೆಲ್ಫ್ ಎಲ್ಲ ತಡ್ಕೊಳ್ಳುತ್ತೆ, ಹೇಜಿ ತಡ್ಕೊಳ್ಳಲ್ಲ. ನಮ್ಮ ನೀರಲ್ಲಿ ಆಗಲ್ಲ ಅನ್ನೋದೂ ಸುಳ್ಳು. ಪಾವಗಡದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ ನಿಜ, ಅದಕ್ಕೇ ಊರೂರಲ್ಲಿ ಆರ್‌ಒ ಘಟಕ ಇದೆ. ಬ್ರೂವರಿಗಳೂ ಆರ್‌ಒ ನೀರನ್ನೇ ತಗೊಂಡು ಬೇಕಾದ ಲವಣ ಸೇರಿಸ್ಕೊಳ್ತಾರೆ. ಹೇಜಿಗಾದ್ರೆ ಕ್ಲೋರೈಡ್ ಜಾಸ್ತಿ, ಬಾಯಿಗೆ ನುಣುಪು ಬರುತ್ತೆ ಅಂತ. ಅಡ್ಡಿ ಇರೋದು ಗಿರಾಕಿ ಲೆಕ್ಕದಲ್ಲಿ. ಆ ಬೆಲೆಗೆ ವಾರದೊಳಗೆ ಟ್ಯಾಂಕು ಖಾಲಿ ಮಾಡೋಷ್ಟು ಜನ ಇಲ್ಲಿಲ್ಲ.

ಹಾಗಾದ್ರೆ ನಮ್ಮ ಕಡೆ ತಾಜಾ, ಮಬ್ಬು, ದೂರ ಹೋಗದ ಪಾನೀಯ ಇರಲೇ ಇಲ್ವಾ? ಇತ್ತು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದ್ರೂ ಜನ ನಂಬಲ್ಲ ಅಂತ ಗಾದೆ ಇದೆಯಲ್ಲ, ಆ ಗಾದೆ ಹುಟ್ಟಬೇಕಾದ್ರೆ ಹೆಂಡವೂ ಮಜ್ಜಿಗೆಯಷ್ಟೇ ಬೆಳ್ಳಗೆ, ಮಬ್ಬಾಗಿ ಇರಬೇಕು. ಕೆರೆ ಏರಿ, ಹಳ್ಳದ ದಂಡೆ, ಎಲ್ಲಿ ನೋಡಿದ್ರೂ ಈಚಲು. ಸಂಜೆ ಮರ ಕೆತ್ತಿ ಮಡಕೆ ಕಟ್ಟಿದ್ರೆ ಬೆಳಗ್ಗೆ ಸಿಹಿ ರಸ, ಅದು ನೀರಾ. ಗಾಳಿಯಲ್ಲಿರೋ ಯೀಸ್ಟ್ ಸೇರಿ ಬಿಸಿಲೇರೋಷ್ಟರಲ್ಲಿ ಸೇಂದಿ, ಮರುದಿನಕ್ಕೆ ಹುಳಿ. ಹೇಜಿಯ ಆಯುಷ್ಯ ವಾರ ಆದ್ರೆ ಇದರದ್ದು ಗಂಟೆ. ಹಳೇ ಮೈಸೂರಿನ ಕಂದಾಯ ದಾಖಲೆಗಳಲ್ಲಿ ಸೇಂದಿವನ ಅಂತ ಜಮೀನಿನ ವರ್ಗವೇ ಇದೆ.

ಇದನ್ನ ಚಂದದ ಕಥೆ ಮಾಡೋಕೆ ನಾನು ಬಂದಿಲ್ಲ. ಕುಡಿತದಿಂದ ಹಾಳಾದ ಮನೆಗಳು ನಮ್ಮ ಬೀದಿಯಲ್ಲೂ ಇವೆ, ನಿಮ್ಮ ಬೀದಿಯಲ್ಲೂ ಇವೆ. 1939ರಲ್ಲಿ ಪಕ್ಕದ ಚಿತ್ರದುರ್ಗದ ತುರುವನೂರಲ್ಲಿ ಸ್ವಾತಂತ್ರ್ಯ ಹೋರಾಟಗಾರರು ಈಚಲು ಮರ ಕಡಿಯೋ ಸತ್ಯಾಗ್ರಹವನ್ನೇ ಮಾಡಿದ್ರು, ಎಸ್. ನಿಜಲಿಂಗಪ್ಪ ಅದರ ಮುಂದಾಳು. ಆಮೇಲೆ ಸೇಂದಿಗೆ ಕ್ಲೋರಲ್ ಹೈಡ್ರೇಟ್ ಬೆರೆಸೋ ದಂಧೆ ಜನರ ಜೀವ ತಿಂತು. ನಿಷೇಧಕ್ಕೆ ಕಾರಣ ಇರಲಿಲ್ಲ ಅಂತ ಹೇಳೋಕಾಗಲ್ಲ.

ಆದ್ರೆ ಈಗಿನ ನಕ್ಷೆ ನೋಡಿ. ನಮ್ಮ ಜಿಲ್ಲೆಯಲ್ಲಿ ಸೇಂದಿ ಇಳಿಸೋದು ಅಪರಾಧ. ಇದೇ ರಾಜ್ಯದ ದಕ್ಷಿಣ ಕನ್ನಡ, ಉಡುಪಿಯಲ್ಲಿ ಲೈಸೆನ್ಸ್ ಇದೆ. ಪಾವಗಡದ ಮೂರು ಸುತ್ತಲೂ ಆಂಧ್ರ, ಅಲ್ಲಿ ಕಳ್ಳು ಇಳಿಸೋರ ಸಹಕಾರ ಸಂಘಗಳೇ ಇವೆ. ಇಂದಿರಾನಗರದಲ್ಲಿ ಮಬ್ಬು ಬಿಯರ್ ಮಾಡೋರು ಬ್ರೂಮಾಸ್ಟರ್, ಪಾವಗಡದಲ್ಲಿ ಮಡಕೆ ಕಟ್ಟಿದವರು ಆರೋಪಿ. ಕಲಬೆರಕೆ ಭಯ ಎರಡು ಕಡೆಗೂ ಇದೆ. ಒಂದು ಕಡೆ ಲೈಸೆನ್ಸ್, ತಪಾಸಣೆ ಅಂತ ಪರಿಹಾರ ಹುಡುಕಿದ್ರು, ಇನ್ನೊಂದು ಕಡೆ ಬೀಗ ಹಾಕಿದ್ರು.

ಹೆಂಡದಂಗಡಿ ತೆರೀರಿ ಅಂತ ನಾನು ಕೇಳ್ತಿಲ್ಲ. ತೆಂಗಿನ ನೀರಾಕ್ಕೆ ಸರ್ಕಾರ ಈಗಾಗಲೇ ನಿಯಮದಲ್ಲಿ ದಾರಿ ಮಾಡಿಕೊಟ್ಟಿದೆ. ಈಚಲ ನೀರಾ, ಈಚಲ ಬೆಲ್ಲ, ಇವಕ್ಕೆ ಅದೇ ತರ ತಪಾಸಣೆಯ ದಾರಿ ಯಾಕಿರಬಾರದು? ಅಮಲಿಲ್ಲದ, ಮರದಿಂದ ಇಳಿಸಿ ತಣ್ಣಗೆ ಮಾಡಿ ಬೆಳಗ್ಗೆಯೇ ಮಾರೋ ಪಾನೀಯ. ತಾಜಾತನಕ್ಕೆ ದುಡ್ಡು ಕೊಡೋಕೆ ಜನ ರೆಡಿ ಇದ್ದಾರೆ ಅಂತ ಬೆಂಗಳೂರು ತೋರಿಸಿದೆ. ಅದಕ್ಕೆ ಮಹಾನಗರವೇ ಬೇಕಿಲ್ಲ ಅಂತ, ಕೊರಟಗೆರೆಗಿಂತ ಚಿಕ್ಕದಾದ ವಾಟರ್‌ಬರಿ ತೋರಿಸಿದೆ. ಹಾಪ್ಸ್ ಆಮದು ಮಾಡ್ಕೋಬಹುದು. ಮರ ಕೊಲ್ಲದೆ ಎಷ್ಟು ಆಳ ಕೆತ್ತಬೇಕು ಅಂತ ಗೊತ್ತಿರೋ ಕೈ ಆಮದಾಗಲ್ಲ. ಆ ಕೈಗಳಿಗೆ ಈಗ ವಯಸ್ಸಾಗಿದೆ, ಅವರ ಮಕ್ಕಳು ಬೆಂಗಳೂರಲ್ಲಿ ಡೆಲಿವರಿ ಬ್ಯಾಗ್ ಹೊತ್ತಿದ್ದಾರೆ.

ಕೊನೆಗೆ ಮೂರು ಮಾತು. ಹೇಜಿ ಕುಡಿಯೋದಾದ್ರೆ ಯಾವತ್ತು ಟ್ಯಾಪ್‌ಗೆ ಬಂತು ಅಂತ ಕೇಳಿ, ಬಣ್ಣ ಕಂದಾಗಿದ್ರೆ ಬೇಡ ಅನ್ನಿ. 6-7 ಪರ್ಸೆಂಟ್ ಇರುತ್ತೆ, ಜ್ಯೂಸ್ ತರ ಇಳಿದು ಆಮೇಲೆ ಹೊಡೆಯುತ್ತೆ, ಕುಡಿದು ಹೆದ್ದಾರಿಗೆ ಗಾಡಿ ಇಳಿಸ್ಬೇಡಿ. ಮತ್ತೆ, ನಿಮ್ಮ ಊರಲ್ಲಿ ಹಿಂದೆ ಈಚಲ ಮರ ಕೆತ್ತಿದ ಹಿರಿಯರಿದ್ರೆ, ಅವರ ಒಪ್ಪಿಗೆ ತಗೊಂಡು, ಹೇಗೆ ಕೆತ್ತುತ್ತಿದ್ರು ಅಂತ ಫೋನಲ್ಲಿ ರೆಕಾರ್ಡ್ ಮಾಡಿಟ್ಕೊಳ್ಳಿ. ಹೆಸರು ಬೇಡ, ಊರು ಬೇಡ, ಕೆಲಸದ ವಿವರ ಸಾಕು. ವಾಯ್ಸ್ ನೋಟ್ ಕಳಿಸಿದ್ರೆ ಅದನ್ನೇ ಒಂದು ಸಂಚಿಕೆ ಮಾಡೋಣ.

ಊರಿನ ವಾಟ್ಸ್ಆ್ಯಪ್ ಗ್ರೂಪಿಗೆ ಶೇರ್ ಮಾಡಿ, ಬೈಯೋದಿದ್ರೆ ಅಲ್ಲೇ ಬೈಯಿರಿ. ಮುಂದಿನ ವಾರ ಸಿಗೋಣ.